ಕೊಹೆರೆಂಟ್ ಬೇಕಾ, ಸ್ಟ್ರೀಮಿಂಗ್ ಸಾಕಾ? ಲಿನಕ್ಸ್ ಡ್ರೈವರಿನಲ್ಲಿ ಡಿಎಂಎ ಮ್ಯಾಪಿಂಗ್ ಆರಿಸಿಕೊಳ್ಳುವ ಬಗೆ

ಒಂದು ನೆಟ್‌ವರ್ಕ್ ಕಾರ್ಡಿಗೆ ಡ್ರೈವರ್ ಬರೆದಿದ್ದೆ. ನನ್ನ ಡೆಸ್ಕ್‌ಟಾಪಿನಲ್ಲಿ ವಾರಗಟ್ಟಲೆ ಓಡಿತು, ಒಂದು ಪ್ಯಾಕೆಟ್ಟೂ ಹಾಳಾಗಲಿಲ್ಲ. ಅದೇ ಕಾರ್ಡನ್ನು ಒಂದು ಸಣ್ಣ ಆರ್ಮ್ ಬೋರ್ಡಿಗೆ ಹಾಕಿ ಪಿಂಗ್ ಕೊಟ್ಟೆ. ಮೊದಮೊದಲು ಚೆನ್ನಾಗಿಯೇ ಇತ್ತು. ಸುಮಾರು 256 ಪ್ಯಾಕೆಟ್ ಆದಮೇಲೆ ಆಟ ಶುರುವಾಯಿತು. ಆಗಲೇ ಬಂದು ಹೋಗಿದ್ದ ಉತ್ತರಗಳೇ ಮತ್ತೆ ಬರತೊಡಗಿದವು, ಪಿಂಗ್ ಸಾಲುಸಾಲಿಗೂ ‘ಡುಪ್’ ಅಂತ ತೋರಿಸತೊಡಗಿತು. ದೊಡ್ಡ ಪ್ಯಾಕೆಟ್ ಕಳಿಸಿದರೆ ಏನೂ ತೊಂದರೆ ಇಲ್ಲ, ಸಣ್ಣದಕ್ಕೆ ಮಾತ್ರ ಈ ಕಾಟ. ಕಾರ್ಡು ಕೆಟ್ಟಿರಬೇಕು ಅಂದುಕೊಂಡು ಬೇರೆ ಕಾರ್ಡು ತಂದೆ, ಕೇಬಲ್ ಬದಲಾಯಿಸಿದೆ, ಎರಡು ದಿನ ಹಾಳು. ತಪ್ಪು ನನ್ನದೇ ಆಗಿತ್ತು, ಅದೂ ಡಿಎಂಎ ಮ್ಯಾಪಿಂಗಿನಲ್ಲಿ. ಡಿಎಂಎ ಅಂದರೆ ಸಿಪಿಯು ನಡುವೆ ಬರದೆ ಡಿವೈಸು ತಾನೇ ಮೆಮೊರಿಗೆ ಬರೆಯುವುದು, ಅಲ್ಲಿಂದ ಓದುವುದು. ಅದಕ್ಕಾಗಿ ಡಿವೈಸಿಗೆ ಆ ಮೆಮೊರಿ ತೋರಿಸಿಕೊಡುವುದೇ ಮ್ಯಾಪಿಂಗ್. ಏನು ತಪ್ಪು ಅನ್ನೋದು ಮುಂದೆ ಸ್ಟ್ರೀಮಿಂಗ್ ವಿಷಯ ಬಂದಾಗ ಹೇಳುತ್ತೇನೆ.

ಲಿನಕ್ಸ್ ಕರ್ನಲ್‌ನಲ್ಲಿ ಡಿವೈಸಿಗೆ ಮೆಮೊರಿ ತೋರಿಸಲು ಐದಾರು ದಾರಿ ಇವೆ. ಹೊಸಬರು ಸಾಮಾನ್ಯವಾಗಿ ಮೊದಲು ಕಣ್ಣಿಗೆ ಬಿದ್ದಿದ್ದನ್ನು ಹಿಡಿದುಕೊಂಡು ಎಲ್ಲದಕ್ಕೂ ಅದನ್ನೇ ಬಳಸುತ್ತಾರೆ. ಎಕ್ಸ್86 ಲ್ಯಾಪ್‌ಟಾಪಿನಲ್ಲಿ ಯಾವುದನ್ನು ಬಳಸಿದರೂ ನಡೆಯುತ್ತದೆ, ಯಾಕಂದರೆ ಅಲ್ಲಿ ಡಿವೈಸು ಬರೆದದ್ದು ಸಿಪಿಯು ಕ್ಯಾಶಿಗೆ (ಮೆಮೊರಿಯ ನಕಲು ಹತ್ತಿರ ಇಟ್ಟುಕೊಳ್ಳುವ ವೇಗದ ಜಾಗ) ತಾನಾಗಿ ಗೊತ್ತಾಗುತ್ತದೆ. ಅಗ್ಗದ ಆರ್ಮ್ ಬೋರ್ಡುಗಳಲ್ಲಿ, ಕೆಲವು ರಿಸ್ಕ್-ಫೈವ್ ಬೋರ್ಡುಗಳಲ್ಲಿ ಹಾಗಿಲ್ಲ. ಅದಕ್ಕೇ ನಾನು ಆರಿಸುವಾಗ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಮೆಮೊರಿಯನ್ನು ಯಾರು ಮುಟ್ಟುತ್ತಾರೆ, ಎಷ್ಟು ಸಲ, ಮತ್ತು ಇಬ್ಬರೂ ಒಟ್ಟಿಗೆ ಮುಟ್ಟುತ್ತಾರಾ?

ಫಂಕ್ಷನ್ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಪದಗಳ ನಡುವೆ ಅಂಡರ್‌ಸ್ಕೋರ್ ಇದೆ ಅಂದುಕೊಳ್ಳಿ, ಹೆಚ್ಚಿನವುಗಳ ಮುಂದೆ ‘ಡಿಎಂಎ’ ಇರುತ್ತದೆ, ಪ್ರತಿ ಸಲ ಬರೆಯುವುದಿಲ್ಲ.

ಮೊದಲು ವಿಳಾಸದ ಗೊಂದಲ ಬಗೆಹರಿಸೋಣ

ಒಂದೇ ಬೈಟಿಗೆ ಮೂರು ವಿಳಾಸ ಇರಬಹುದು. ಕರ್ನಲ್ ಕೋಡು ಬಳಸುವ ಪಾಯಿಂಟರ್ ಒಂದು, ರ್‍ಯಾಮಿನ ಫಿಸಿಕಲ್ ವಿಳಾಸ ಇನ್ನೊಂದು, ಡಿವೈಸು ಬಸ್ಸಿನ ಮೇಲೆ ಕೂಗುವ ವಿಳಾಸ ಮೂರನೆಯದು. ಈ ಮೂರನೆಯದಕ್ಕೇ ಕರ್ನಲ್ ‘ಡಿಎಂಎ ಅಡ್ರ್ ಟಿ’ ಅಂತ ಬೇರೆ ಟೈಪು ಇಟ್ಟಿದೆ. ನಿಮ್ಮ ಪಿಸಿಯಲ್ಲಿ ಎರಡನೆಯದೂ ಮೂರನೆಯದೂ ಒಂದೇ ಆಗಿರಬಹುದು. ಹಾಗಂತ ಫಿಸಿಕಲ್ ವಿಳಾಸವನ್ನೇ ಡಿವೈಸಿನ ರಿಜಿಸ್ಟರಿಗೆ ಬರೆದರೆ, ನಡುವೆ ಐಒಎಂಎಂಯು (ಡಿವೈಸು ಕೂಗುವ ವಿಳಾಸವನ್ನು ಫಿಸಿಕಲ್ ವಿಳಾಸಕ್ಕೆ ಬದಲಿಸುವ ಹಾರ್ಡ್‌ವೇರ್) ಇರುವ ಮೆಷಿನ್ನಿನಲ್ಲಿ ಮೊದಲ ದಿನವೇ ಫಾಲ್ಟ್ ಬೀಳುತ್ತದೆ.

ಎಲ್ಲ ಡಿವೈಸಿಗೂ ಎಲ್ಲ ರ್‍ಯಾಮೂ ಕಾಣಿಸುವುದೂ ಇಲ್ಲ. ಹಳೆಯ ಐಎಸ್‌ಎ ಕಾರ್ಡುಗಳಿಗೆ 24 ಬಿಟ್ ಮಾತ್ರ, ಅಂದರೆ ಮೊದಲ 16 ಎಂಬಿ. ಇದು ಬರೀ ಹಳೇ ಕಾಲದ ಕಥೆ ಅಂದುಕೊಳ್ಳಬೇಡಿ. 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4 ನೋಡಿ. ಅದರ ಮೊದಲ ಚಿಪ್ಪುಗಳಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಕಡೆಯಿಂದ ಕೆಳಗಿನ 3 ಜಿಬಿಯಷ್ಟೇ ಮುಟ್ಟಲು ಆಗುತ್ತಿತ್ತು, ಯುಎಸ್‌ಬಿ ಕಂಟ್ರೋಲರ್ ಕೂತಿದ್ದು ಅಲ್ಲೇ. ಹಳೆಯ ಕೆಲವು ಪೆರಿಫೆರಲ್‌ಗಳಿಗೆ 1 ಜಿಬಿ ದಾಟಿದರೆ ಕಣ್ಣೇ ಕಾಣದು. ಈ ಒಂದು ಬೋರ್ಡಿಗಾಗಿಯೇ ಲಿನಕ್ಸ್ 5.5ರಲ್ಲಿ ಆರ್ಮ್64ಗೆ 1 ಜಿಬಿಯ ಡಿಎಂಎ ಜೋನ್ ಸೇರಿಸಬೇಕಾಯಿತು.

ಹಾಗಾಗಿ ಪ್ರೋಬ್ ಫಂಕ್ಷನ್ನಿನಲ್ಲಿ (ಡಿವೈಸು ಸಿಕ್ಕಾಗ ಕರ್ನಲ್ ಕರೆಯುವುದು) ಮೊದಲ ಕೆಲಸ ಮಾಸ್ಕ್ ಹೇಳುವುದು. ‘ಸೆಟ್ ಮಾಸ್ಕ್ ಅಂಡ್ ಕೊಹೆರೆಂಟ್’ ಕರೆದು ನನ್ನ ಡಿವೈಸಿಗೆ ಇಷ್ಟು ಬಿಟ್ ಬರುತ್ತದೆ ಅಂತ ಹೇಳಿ. ಹೇಳದಿದ್ದರೆ ಕರ್ನಲ್ 32 ಅಂದುಕೊಳ್ಳುತ್ತದೆ. ಹಳೆಯ ಡ್ರೈವರುಗಳಲ್ಲಿ ‘64 ಕೇಳು, ಸಿಗದಿದ್ದರೆ 32 ಕೇಳು’ ಅಂತ ಎರಡು ಮೆಟ್ಟಿಲು ಇರುತ್ತದೆ. ಈಗಿನ ಕರ್ನಲ್‌ನಲ್ಲಿ ಅದು ಬೇಡ. 32ಕ್ಕಿಂತ ದೊಡ್ಡ ಮಾಸ್ಕ್ ಸೋಲುವುದಿಲ್ಲ, ಸುಮ್ನೆ ಆ ಸಾಲು ನಕಲು ಮಾಡಬೇಡಿ.

ಡಿಎಂಎ ಬೇಕೇ ಬೇಕಾ?

ಇದೂ ಒಂದು ಆಯ್ಕೆಯೇ, ಅದನ್ನು ಮರೆಯುತ್ತೇವೆ. ಐ2ಸಿ ಸೆನ್ಸರಿನಿಂದ 6 ಬೈಟ್ ಓದಲು ಡಿಎಂಎ ಸಿದ್ಧಮಾಡುವ ಹೊತ್ತಿಗೆ ಸಿಪಿಯು ತಾನೇ ಓದಿ ಮುಗಿಸಿರುತ್ತದೆ. ಅದಕ್ಕೇ ಹಲವು ಎಸ್‌ಪಿಐ ಕಂಟ್ರೋಲರ್ ಡ್ರೈವರುಗಳು ಫಿಫೋದಲ್ಲಿ (ಕಂಟ್ರೋಲರಿನೊಳಗಿನ ಚಿಕ್ಕ ಬಫರ್) ಹಿಡಿಯುವಷ್ಟು ಚಿಕ್ಕ ಟ್ರಾನ್ಸ್‌ಫರ್ ಆದರೆ ಡಿಎಂಎ ಕಡೆ ತಲೆಯೇ ಹಾಕುವುದಿಲ್ಲ. ಅಷ್ಟೇ ಚಿಕ್ಕದಾದರೆ ನೀವೂ ಬಿಟ್ಟುಬಿಡಿ.

ಕೊಹೆರೆಂಟ್: ಇಬ್ಬರೂ ಬರೆಯುವ ಉದ್ರಿ ಪುಸ್ತಕ

‘ಅಲಾಕ್ ಕೊಹೆರೆಂಟ್’ ಕರೆದರೆ ಕರ್ನಲ್ ಎರಡು ವಿಳಾಸ ಕೊಡುತ್ತದೆ. ಒಂದು ನಿಮಗೆ, ಇನ್ನೊಂದು ಡಿವೈಸಿಗೆ. ಅಂಗಡಿಯ ಉದ್ರಿ ಪುಸ್ತಕದ ಹಾಗೆ ಇಬ್ಬರೂ ಅದರಲ್ಲಿ ಬರೆಯಬಹುದು, ಯಾವಾಗ ಬೇಕಾದರೂ ತೆರೆದು ನೋಡಬಹುದು, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣುತ್ತದೆ. ಸಿಂಕ್ ಮಾಡುವ, ಅಂದರೆ ಕ್ಯಾಶನ್ನೂ ಮೆಮೊರಿಯನ್ನೂ ಹೊಂದಿಸುವ, ತಲೆನೋವಿಲ್ಲ. ಡ್ರೈವರ್ ಶುರುವಾದಾಗ ಒಮ್ಮೆ ಪಡೆದು, ಮುಗಿದಾಗ ವಾಪಸ್ ಕೊಡುತ್ತೀರಿ.

ಇಷ್ಟು ಸುಲಭ ಇದ್ದರೆ ಎಲ್ಲದಕ್ಕೂ ಇದನ್ನೇ ಬಳಸಬಹುದಲ್ವಾ? ಇಲ್ಲೇ ಮೋಸ ಹೋಗುವುದು. ಕ್ಯಾಶು ತಾನಾಗಿ ಹೊಂದಿಕೊಳ್ಳದ ಆರ್ಮ್ ಬೋರ್ಡಿನಲ್ಲಿ ಕರ್ನಲ್ ಈ ಮಾತು ಉಳಿಸಿಕೊಳ್ಳುವುದು ಹೇಗೆ ಅಂದರೆ, ಆ ಪುಟಗಳನ್ನು ಕ್ಯಾಶೇ ಆಗದಂತೆ ಮ್ಯಾಪ್ ಮಾಡುತ್ತದೆ. ಅಂದರೆ ನೀವು ಓದುವ ಒಂದೊಂದು ಪದವೂ ರ್‍ಯಾಮಿನವರೆಗೆ ಹೋಗಿ ಬರಬೇಕು. ನಾಲ್ಕು ಫ್ಲ್ಯಾಗು ಓದಲು ಪರವಾಗಿಲ್ಲ. ಆದರೆ ಒಂದು ಇಡೀ ವೀಡಿಯೋ ಫ್ರೇಮನ್ನು ಅಲ್ಲಿಂದ ಮೆಮ್‌ಕಾಪಿ ಮಾಡಿ ನೋಡಿ, ಸಿಪಿಯು ಬಳಕೆ ಗಗನಕ್ಕೇರುತ್ತದೆ. ಯುಎಸ್‌ಬಿ ವೆಬ್‌ಕ್ಯಾಮಿನ ಯುವಿಸಿ ಡ್ರೈವರಿಗೆ ಆರ್ಮ್ ಮೆಷಿನ್‌ಗಳಲ್ಲಿ ಇದೇ ಕಾಯಿಲೆ ಇತ್ತು. ಅದು ಬರುವ ಪ್ರತಿ ಬೈಟನ್ನೂ ಸಿಪಿಯುವಿನಿಂದ ನಕಲು ಮಾಡುತ್ತದೆ, ಬಫರ್ ಮಾತ್ರ ಕೊಹೆರೆಂಟ್. ಕೊನೆಗೆ ಅದನ್ನು ಬೇರೆ ಬಗೆಯ ಅಲೊಕೇಶನ್ನಿಗೆ ಬದಲಾಯಿಸಿದರು.

ಎರಡನೇ ತೊಂದರೆ ಗಾತ್ರದ್ದು. 64 ಬೈಟ್ ಕೇಳಿದರೂ ಒಂದಿಡೀ ಪುಟ (ಸಾಮಾನ್ಯವಾಗಿ 4 ಕೆಬಿ) ಹೋಗುತ್ತದೆ. ದೊಡ್ಡದು ಕೇಳಿದರೆ, ಐಒಎಂಎಂಯು ಇಲ್ಲದ ಕಡೆ ಫಿಸಿಕಲ್ ಆಗಿ ಒಂದಕ್ಕೊಂದು ಅಂಟಿಕೊಂಡ ಪುಟಗಳೇ ಬೇಕು, ಮೆಷಿನ್ ಒಂದು ವಾರ ಓಡಿದ ಮೇಲೆ ಅಂಥ ಪುಟಗಳು ಸಿಗುವುದು ಕಷ್ಟ. ಅದಕ್ಕೆಂದೇ ಬೂಟಿನಲ್ಲೇ ಜಾಗ ಕಾದಿರಿಸುವ ಸಿಎಂಎ ಇದೆ, 2012ರಲ್ಲಿ ಲಿನಕ್ಸ್ 3.5ಕ್ಕೆ ಬಂದದ್ದು. ಕ್ಯಾಮೆರಾ, ಡಿಸ್‌ಪ್ಲೇ ಇರುವ ಬೋರ್ಡುಗಳಲ್ಲಿ ಅದಿಲ್ಲದೆ ನಡೆಯುವುದಿಲ್ಲ.

ಮೂರನೆಯದು ತುಂಬ ಜನ ತಪ್ಪು ತಿಳಿದಿರುವುದು. ಕೊಹೆರೆಂಟ್ ಅಂದರೆ ಬರೆದದ್ದು ಕಾಣುತ್ತದೆ ಅಂತ ಅಷ್ಟೇ, ನೀವು ಬರೆದ ಕ್ರಮದಲ್ಲೇ ಕಾಣುತ್ತದೆ ಅಂತ ಅಲ್ಲ. ಒಂದು ಡಿಸ್ಕ್ರಿಪ್ಟರನ್ನು, ಅಂದರೆ ಬಫರ್ ಎಲ್ಲಿದೆ ಅಂತ ಡಿವೈಸಿಗೆ ಹೇಳುವ ಚೀಟಿಯನ್ನು, ಹತ್ತಿರದಿಂದ ನೋಡೋಣ. 16 ಬೈಟಿನದು ಅಂದುಕೊಳ್ಳಿ. ಮೊದಲ 8 ಬೈಟಿನಲ್ಲಿ ಬಫರಿನ ವಿಳಾಸ, ಆಮೇಲೆ ಉದ್ದ, ಕೊನೆಗೆ ಒಂದು ಬಿಟ್: ‘ಇದು ಈಗ ಡಿವೈಸಿನದು’. ನೀವು ವಿಳಾಸ ಬರೆದಿರಿ, ಉದ್ದ ಬರೆದಿರಿ, ಬಿಟ್ ಏರಿಸಿದಿರಿ. ಸಿಪಿಯುಗೆ ಈ ಕ್ರಮದ ಹಂಗಿಲ್ಲ, ಬಿಟ್ಟು ಮೊದಲು ರ್‍ಯಾಮ್ ಸೇರಿ ವಿಳಾಸ ಆಮೇಲೆ ಸೇರಬಹುದು. ಅಷ್ಟರಲ್ಲಿ ಡಿವೈಸು ಆ ಬಿಟ್ ನೋಡಿ, ಹೋದ ಸುತ್ತಿನ ಹಳೇ ವಿಳಾಸಕ್ಕೆ ಪ್ಯಾಕೆಟ್ ಸುರಿದುಬಿಟ್ಟಿತು ಅನ್ನಿ. ಆ ಬಫರನ್ನು ನೀವು ಯಾವಾಗಲೋ ಬಿಡುಗಡೆ ಮಾಡಿದ್ದೀರಿ, ಅಲ್ಲಿ ಈಗ ಇನ್ಯಾರದೋ ಡೇಟಾ. ತಿಂಗಳಿಗೊಮ್ಮೆ ಬರುವ, ಯಾರಿಗೂ ಅರ್ಥವಾಗದ ಕ್ರ್ಯಾಶು ಹುಟ್ಟುವುದು ಹೀಗೆ. ವಿಳಾಸ ಮತ್ತು ಉದ್ದ ಬರೆದಮೇಲೆ, ಬಿಟ್ ಏರಿಸುವ ಮುಂಚೆ, ಒಂದು ‘ಡಿಎಂಎ ಡಬ್ಲ್ಯುಎಂಬಿ’ ಇಡಿ, ಮೊದಲು ಬರೆದದ್ದು ಮೊದಲು ಕಾಣುವಂತೆ ಅದು ನೋಡಿಕೊಳ್ಳುತ್ತದೆ. ಓದುವಾಗ ತಿರುಗಾಮುರುಗಾ: ಮೊದಲು ಬಿಟ್ ನೋಡಿ, ‘ಡಿಎಂಎ ಆರ್‌ಎಂಬಿ’ ಹಾಕಿ, ಆಮೇಲೆ ಉಳಿದದ್ದನ್ನು ಓದಿ.

ನನ್ನ ನಿಯಮ ಹೀಗಿದೆ. ಡಿಸ್ಕ್ರಿಪ್ಟರ್ ರಿಂಗು (ಸುತ್ತು ಸುತ್ತಾಗಿ ಬಳಸುವ ಡಿಸ್ಕ್ರಿಪ್ಟರುಗಳ ಸಾಲು), ಕಮಾಂಡ್ ಕ್ಯೂ, ಡಿವೈಸು ಸ್ಟೇಟಸ್ ಬರೆಯುವ ಚಿಕ್ಕ ಪುಟ, ಇವೆಲ್ಲ ಕೊಹೆರೆಂಟ್. ಇಬ್ಬರೂ ಒಂದೇ ಹೊತ್ತಿಗೆ ಮುಟ್ಟುವ, ಚಿಕ್ಕದಾದ, ಡ್ರೈವರಿನ ಆಯಸ್ಸಿನವರೆಗೆ ಬಾಳುವ ಮೆಮೊರಿ ಅಂದರೆ ಇವೇ. ಡೇಟಾ ಮಾತ್ರ ಇಲ್ಲಿ ಬೇಡ.

ಡಿಎಂಎ ಪೂಲ್: ಕೊಹೆರೆಂಟೇ, ಆದರೆ ಚಿಲ್ಲರೆ ಲೆಕ್ಕದಲ್ಲಿ

ನೂರಾರು ಚಿಕ್ಕ ಡಿಸ್ಕ್ರಿಪ್ಟರುಗಳು ಬೇಕು, ಅವು ಬರುತ್ತಾ ಹೋಗುತ್ತಾ ಇರುತ್ತವೆ ಅಂದರೆ ಒಂದೊಂದಕ್ಕೂ ಒಂದು ಪುಟ ಕೊಡಲಾಗುತ್ತದೆಯೇ? ಪೂಲ್ ಅದೇ ಕೊಹೆರೆಂಟ್ ಪುಟಗಳನ್ನು ತುಂಡು ಮಾಡಿ ಹಂಚುತ್ತದೆ. ಅಲೈನ್‌ಮೆಂಟ್ ಎಷ್ಟು, ಯಾವ ಗಡಿ ದಾಟಬಾರದು ಅನ್ನುವುದನ್ನೂ ಪೂಲ್ ಮಾಡುವಾಗಲೇ ಹೇಳಬಹುದು. ಯುಎಸ್‌ಬಿ 2.0ರ ಇಎಚ್‌ಸಿಐ ಡ್ರೈವರ್ ಇದಕ್ಕೆ ಒಳ್ಳೆ ಮಾದರಿ. ಅದರ ಟ್ರಾನ್ಸ್‌ಫರ್ ಡಿಸ್ಕ್ರಿಪ್ಟರಿಗೆ 32 ಬೈಟ್ ಅಲೈನ್‌ಮೆಂಟ್ ಬೇಕು, 4 ಕೆಬಿ ಗಡಿ ದಾಟುವಂತಿಲ್ಲ, ಎರಡನ್ನೂ ಪೂಲ್ ನೋಡಿಕೊಳ್ಳುತ್ತದೆ. ನಿಮ್ಮ ಡಿವೈಸಿಗೆ ಒಂದೇ ಒಂದು ರಿಂಗು ಸಾಕಾದರೆ ಪೂಲಿನ ಗೋಜು ಬೇಡ.

ಸ್ಟ್ರೀಮಿಂಗ್: ಗಿರಣಿಗೆ ಕೊಟ್ಟ ಡಬ್ಬಿ

ಡೇಟಾ ಓಡಾಡುವುದೆಲ್ಲ ಇಲ್ಲಿ. ರಾಗಿ ಡಬ್ಬಿಯನ್ನು ಹಿಟ್ಟಿನ ಗಿರಣಿಗೆ ಕೊಟ್ಟಿದ್ದೀರಿ ಅಂದುಕೊಳ್ಳಿ. ಕೊಟ್ಟಮೇಲೆ ಅದು ಗಿರಣಿಯವನ ಕೈಯಲ್ಲಿ. ಅವನು ವಾಪಸ್ ಕೊಡುವವರೆಗೆ ನೀವು ಅದರೊಳಗೆ ಕೈ ಹಾಕುವಂತಿಲ್ಲ. ‘ಮ್ಯಾಪ್ ಸಿಂಗಲ್’ ಅಂದರೆ ಡಬ್ಬಿ ಕೊಡುವುದು, ‘ಅನ್‌ಮ್ಯಾಪ್ ಸಿಂಗಲ್’ ಅಂದರೆ ವಾಪಸ್ ಪಡೆಯುವುದು. ಮೆಮೊರಿ ಮಾಮೂಲಿ ಕೆಮ್ಯಾಲಾಕಿನದೇ (ಕರ್ನಲ್ ಕೋಡು ಮೆಮೊರಿ ಕೇಳುವ ಸಾಮಾನ್ಯ ಫಂಕ್ಷನ್), ಕ್ಯಾಶಿನ ವೇಗವೂ ಪೂರ್ತಿ ಸಿಗುತ್ತದೆ. ಕೊಡುವಾಗ ಪಡೆಯುವಾಗ ಮಾತ್ರ ಕ್ಯಾಶ್ ಚೊಕ್ಕ ಮಾಡುವ ಖರ್ಚು.

ಕೊಡುವಾಗ ದಿಕ್ಕು ಹೇಳಬೇಕು: ಡಿವೈಸಿಗೆ ಹೋಗುತ್ತಾ, ಡಿವೈಸಿನಿಂದ ಬರುತ್ತಾ, ಎರಡೂನಾ. ಗೊತ್ತಿಲ್ಲ ಅಂತ ಎಲ್ಲದಕ್ಕೂ ‘ಬೈಡೈರೆಕ್ಷನಲ್’ ಹಾಕುವುದು ಸೋಮಾರಿತನ. ಎರಡೂ ಕಡೆಯ ಕ್ಯಾಶ್ ಕೆಲಸ ಆಗುತ್ತದೆ, ಮೇಲಾಗಿ ಡಿವೈಸಿಗೆ ಬೇಡದ ಕಡೆ ಬರೆಯುವ ಅನುಮತಿಯನ್ನೂ ಕೊಟ್ಟಹಾಗಾಗುತ್ತದೆ.

ನನ್ನ ತಪ್ಪು ಆದದ್ದು ಇಲ್ಲೇ. ರಿಸೀವ್ ಕಡೆ 256 ಬಫರು ಮ್ಯಾಪ್ ಮಾಡಿ ರಿಂಗಿಗೆ ಹಾಕಿದ್ದೆ. ದೊಡ್ಡ ಪ್ಯಾಕೆಟ್ ಬಂದರೆ ಅನ್‌ಮ್ಯಾಪ್ ಮಾಡಿ ಬಫರನ್ನೇ ಮೇಲಕ್ಕೆ ಕಳಿಸುತ್ತಿದ್ದೆ, ಹೊಸದು ಹಾಕುತ್ತಿದ್ದೆ. ಸಣ್ಣ ಪ್ಯಾಕೆಟ್ ಆದರೆ ಬೇರೆ ಜಾಗಕ್ಕೆ ನಕಲು ಮಾಡಿಕೊಂಡು ಅದೇ ಬಫರನ್ನು ಮತ್ತೆ ರಿಂಗಿಗೆ ಹಾಕುತ್ತಿದ್ದೆ. ಇದು ಒಳ್ಳೆಯ ಉಪಾಯವೇ. ಇಂಟೆಲ್‌ನ ಇ1000 ಡ್ರೈವರಿನಲ್ಲೂ ಇದಕ್ಕೆ ‘ಕಾಪಿಬ್ರೇಕ್’ ಅಂತ ಒಂದು ಮಿತಿ ಇದೆ, ಮಾಮೂಲಿಗೆ 256 ಬೈಟ್. ಆದರೆ ನಕಲಿಗೆ ಮುಂಚೆ ‘ಸಿಂಕ್ ಸಿಂಗಲ್ ಫಾರ್ ಸಿಪಿಯು’, ವಾಪಸ್ ಹಾಕುವ ಮುಂಚೆ ‘ಸಿಂಕ್ ಸಿಂಗಲ್ ಫಾರ್ ಡಿವೈಸ್’ ಕರೆಯಬೇಕಿತ್ತು. ಎರಡನ್ನೂ ಮರೆತಿದ್ದೆ. ಮೊದಲ ಸುತ್ತಿನಲ್ಲಿ ಕ್ಯಾಶಿನಲ್ಲಿ ಏನೂ ಇರಲಿಲ್ಲ, ಹಾಗಾಗಿ ರ್‍ಯಾಮಿನಿಂದ ಸರಿಯಾದದ್ದೇ ಬಂತು. ಓದಿದ ಮೇಲೆ ಅದು ಕ್ಯಾಶಿನಲ್ಲಿ ಕೂತುಬಿಟ್ಟಿತು. ರಿಂಗು ಒಂದು ಸುತ್ತು ಬಂದು ಅದೇ ಬಫರಿಗೆ ಕಾರ್ಡು ಹೊಸ ಪ್ಯಾಕೆಟ್ ಬರೆದಾಗ ಸಿಪಿಯು ರ್‍ಯಾಮಿನ ಕಡೆ ತಿರುಗಿಯೂ ನೋಡಲಿಲ್ಲ, ತನ್ನ ಹತ್ತಿರ ಇದ್ದ ಹಳೇ ಪ್ಯಾಕೆಟ್ಟನ್ನೇ ಮತ್ತೆ ಕೊಟ್ಟಿತು. 256ರ ಲೆಕ್ಕ, ಡುಪ್ ಎಲ್ಲಾ ಅದರಿಂದ. ಅನ್‌ಮ್ಯಾಪ್ ಒಳಗೇ ಸಿಂಕ್ ಸೇರಿರುವುದರಿಂದ ದೊಡ್ಡ ಪ್ಯಾಕೆಟ್ಟಿಗೆ ಏನೂ ಆಗಲಿಲ್ಲ.

ಇದೇ ಜಾತಿಯ ಇನ್ನೊಂದು ತಪ್ಪು ಕೋಡ್ ರಿವ್ಯೂನಲ್ಲಿ ಆಗಾಗ ಕಾಣಿಸುತ್ತದೆ. ಒಂದು ಸ್ಟ್ರಕ್ಟಿನಲ್ಲಿ 16 ಬೈಟಿನ ಬಫರ್, ಅದರ ಪಕ್ಕದಲ್ಲೇ ಒಂದು ಕೌಂಟರ್. ಬಫರನ್ನು ಡಿವೈಸಿಗೆ ಮ್ಯಾಪ್ ಮಾಡಿದಿರಿ, ಅತ್ತ ಇಂಟರಪ್ಟಿನಲ್ಲಿ ಕೌಂಟರ್ ಹೆಚ್ಚಿಸಿದಿರಿ. ಎರಡೂ ಒಂದೇ ಕ್ಯಾಶ್ ಲೈನಿನಲ್ಲಿ (ಕ್ಯಾಶು ಒಮ್ಮೆಗೆ ಹಿಡಿಯುವ ತುಂಡು) ಇವೆ. ಆಮೇಲೆ ಆ ಲೈನ್ ರ್‍ಯಾಮಿಗೆ ವಾಪಸ್ ಬರೆದರೆ ಡಿವೈಸಿನ ಡೇಟಾ ಹೋಯಿತು, ಎಸೆದರೆ ನಿಮ್ಮ ಕೌಂಟರ್ ಹೋಯಿತು. ಗಿರಣಿಗೆ ಕೊಟ್ಟ ಡಬ್ಬಿಯ ಒಂದು ಮೂಲೆಯಲ್ಲಿ ಮನೆಯ ಚಿಲ್ಲರೆ ಕಾಸು ಇಟ್ಟಹಾಗೆ ಇದು. ಬಫರನ್ನು ಬೇರೆಯಾಗಿ ಕೆಮ್ಯಾಲಾಕ್ ಮಾಡಿ, ಸಾಕು. ಕೆಮ್ಯಾಲಾಕ್ ಈ ಅಂತರ ನೋಡಿಕೊಳ್ಳುತ್ತದೆ. ಅದಕ್ಕಾಗಿ ಆರ್ಮ್64ರಲ್ಲಿ ಬಹಳ ಕಾಲ 8 ಬೈಟ್ ಕೇಳಿದರೂ 128 ಬೈಟ್ ಹೋಗುತ್ತಿತ್ತು. 6.5ರಿಂದ ಈ ದಂಡ ಕಡಿಮೆಯಾಗಿದೆ, ಚಿಕ್ಕ ಬಫರು ಕೊಹೆರೆಂಟ್ ಅಲ್ಲದ ಡಿವೈಸಿಗೆ ಹೋಗುವಾಗ ಬೇರೆ ಬಫರಿನ ಮೂಲಕ ದಾಟಿಸುತ್ತಾರೆ.

ಏನನ್ನು ಮ್ಯಾಪ್ ಮಾಡಬಾರದು ಅಂತಲೂ ಹೇಳಿಬಿಡುತ್ತೇನೆ. ಸ್ಟ್ಯಾಕ್ ಮೇಲಿನ ಅರೇ ಬೇಡ, ವಿಮ್ಯಾಲಾಕ್ ಮೆಮೊರಿಯನ್ನು (ಫಿಸಿಕಲ್ ಆಗಿ ಚದುರಿದ ಪುಟಗಳದ್ದು) ಮ್ಯಾಪ್ ಸಿಂಗಲ್‌ಗೆ ಕೊಡಬೇಡಿ. 4.9ರಿಂದ ಎಕ್ಸ್86ರಲ್ಲಿ ಸ್ಟ್ಯಾಕೇ ವಿಮ್ಯಾಲಾಕಿನಿಂದ ಬರಬಹುದಾದ ಕಾರಣ, ಹಳೇ ಯುಎಸ್‌ಬಿ ಡ್ರೈವರುಗಳಲ್ಲಿ ವರ್ಷಗಟ್ಟಲೆ ಅಡಗಿದ್ದ ಇಂಥ ತಪ್ಪುಗಳು ಒಂದೊಂದಾಗಿ ಹೊರಬಿದ್ದವು.

ಮ್ಯಾಪ್ ಮಾಡಿದ ತಕ್ಷಣ ‘ಮ್ಯಾಪಿಂಗ್ ಎರರ್’ ಕೇಳಿ. ಸೊನ್ನೆಗೆ ಹೋಲಿಸಬೇಡಿ, ಸೊನ್ನೆಯೂ ಸರಿಯಾದ ಬಸ್ ವಿಳಾಸ ಆಗಿರಬಹುದು. ನನ್ನ ಮೆಷಿನ್ನಿನಲ್ಲಿ ಯಾವತ್ತೂ ಸೋತಿಲ್ಲ ಅಂತೀರಾ? ಐಒಎಂಎಂಯು ವಿಳಾಸ ಖಾಲಿಯಾದರೆ, ಬೌನ್ಸ್ ಬಫರ್ (ನಡುವೆ ನಕಲು ಮಾಡಿ ದಾಟಿಸುವ ಜಾಗ) ತುಂಬಿದರೆ ಖಂಡಿತ ಸೋಲುತ್ತದೆ.

ಚೂರುಚೂರಾಗಿರುವ ಡೇಟಾಗೆ ಎಸ್‌ಜಿ (ಸ್ಕ್ಯಾಟರ್-ಗ್ಯಾದರ್)

ಡಿಸ್ಕಿಗೆ ಹೋಗುವ 1 ಎಂಬಿ ಅಂದರೆ 4 ಕೆಬಿಯ 256 ಪುಟಗಳು, ರ್‍ಯಾಮಿನಲ್ಲಿ ಎಲ್ಲೆಲ್ಲೋ ಚದುರಿರುತ್ತವೆ. ಲೂಪಿನಲ್ಲಿ 256 ಸಲ ಮ್ಯಾಪ್ ಸಿಂಗಲ್ ಕರೆಯಬೇಡಿ. ಪಟ್ಟಿ ಮಾಡಿ ‘ಮ್ಯಾಪ್ ಎಸ್‌ಜಿ’ಗೆ ಒಮ್ಮೆಗೆ ಕೊಡಿ. ಐಒಎಂಎಂಯು ಇದ್ದರೆ ಇಡೀ ಪಟ್ಟಿ ಡಿವೈಸಿಗೆ ಒಂದೇ ಉದ್ದನೆಯ ತುಂಡಾಗಿಯೂ ಕಾಣಬಹುದು, ಡಿಸ್ಕ್ರಿಪ್ಟರ್ ಉಳಿಯುತ್ತದೆ.

ಇಲ್ಲಿನ ಗುಂಡಿ ಎಣಿಕೆಯದು. ನೀವು 256 ಕೊಟ್ಟರೆ ಅದು 40 ಅಂತ ವಾಪಸ್ ಹೇಳಬಹುದು, ಯಾಕಂದರೆ ಕೆಲವನ್ನು ಸೇರಿಸಿರುತ್ತದೆ. ಡಿವೈಸಿಗೆ 40 ಹೇಳಬೇಕು. ಅನ್‌ಮ್ಯಾಪ್ ಮಾಡುವಾಗ ಮಾತ್ರ ಮೊದಲಿನ 256ನ್ನೇ ಕೊಡಬೇಕು. ಈ ಎರಡು ಸಂಖ್ಯೆ ಅದಲುಬದಲು ಮಾಡಿದ ಡ್ರೈವರುಗಳು ಎಷ್ಟೋ ಇದ್ದವು. ಅದಕ್ಕೇ 5.8ರಲ್ಲಿ ‘ಮ್ಯಾಪ್ ಎಸ್‌ಜಿ ಟೇಬಲ್’ ಬಂತು, ಎರಡೂ ಸಂಖ್ಯೆಯನ್ನು ಟೇಬಲ್ಲೇ ನೆನಪಿಟ್ಟುಕೊಳ್ಳುತ್ತದೆ. ಹೊಸ ಕೋಡಿಗೆ ಇದೇ ಇರಲಿ.

ಮ್ಯಾಪ್ ಮಾಡುವುದೇ ದುಬಾರಿ ಆದಾಗ

ವೇಗದ ನೆಟ್‌ವರ್ಕ್ ಕಾರ್ಡಿನಲ್ಲಿ ಸೆಕೆಂಡಿಗೆ ಲಕ್ಷಗಟ್ಟಲೆ ಪ್ಯಾಕೆಟ್ ಬರುವಾಗ ಪ್ರತಿಯೊಂದಕ್ಕೂ ಮ್ಯಾಪ್, ಅನ್‌ಮ್ಯಾಪ್ ಮಾಡುವುದೇ ದೊಡ್ಡ ಖರ್ಚು, ಐಒಎಂಎಂಯು ಇದ್ದರಂತೂ ಇನ್ನೂ ಜಾಸ್ತಿ. 2018ರಲ್ಲಿ 4.18ಕ್ಕೆ ಬಂದ ಪೇಜ್ ಪೂಲ್ ಇದಕ್ಕೆ ಉತ್ತರ. ಪುಟಗಳನ್ನು ಮ್ಯಾಪ್ ಮಾಡಿಯೇ ಇಟ್ಟುಕೊಂಡು, ಬಳಸಿ, ವಾಪಸ್ ಬಂದಾಗ ಮತ್ತೆ ಬಳಸುತ್ತಾರೆ. ನಡುವೆ ಸಿಂಕ್ ಮಾತ್ರ. ಮ್ಯಾಪ್ ಮಾಡುವುದನ್ನೂ ಡಿವೈಸಿನ ಕಡೆಯ ಸಿಂಕನ್ನೂ ಪೂಲೇ ಮಾಡುವಂತೆ ಫ್ಲ್ಯಾಗ್ ಕೊಡಬಹುದು. ಸಿಪಿಯು ಕಡೆಯ ಸಿಂಕ್ ಮಾತ್ರ ನಿಮ್ಮ ಪಾಲಿನದು, ನನ್ನ ಹಾಗೆ ಮರೆಯಬೇಡಿ. ಇವತ್ತು ಈಥರ್‌ನೆಟ್ ಡ್ರೈವರ್ ಹೊಸದಾಗಿ ಬರೆಯುವುದಾದರೆ ರಿಸೀವ್ ಕಡೆಗೆ ನಾನು ಬೇರೆ ಯೋಚನೆಯೇ ಮಾಡುವುದಿಲ್ಲ.

ವೆಬ್‌ಕ್ಯಾಮಿನಂಥವಕ್ಕೆ, ಅಂದರೆ ದೊಡ್ಡ ಬಫರು ಬಹಳ ಕಾಲ ಇರಬೇಕು, ಸಿಪಿಯುವೂ ಅದನ್ನು ಪೂರ್ತಿ ಓದಬೇಕು ಅನ್ನುವ ಕಡೆ, ನಡುವಿನ ದಾರಿ ‘ಅಲಾಕ್ ನಾನ್‌ಕಾಂಟಿಗ್ಯುವಸ್’. ಮೆಮೊರಿಯನ್ನು ಕರ್ನಲ್ಲೇ ಡಿವೈಸಿಗೆ ಹೊಂದುವ ಹಾಗೆ ಕೊಡುತ್ತದೆ, ಆದರೆ ಕ್ಯಾಶ್ ಇರುತ್ತದೆ, ಸಿಂಕ್ ಜವಾಬ್ದಾರಿ ನಿಮ್ಮದು. ಯುವಿಸಿ ಡ್ರೈವರ್ ಹಿಡಿದದ್ದು ಈ ದಾರಿಯನ್ನೇ. ಮಾಮೂಲಿ ಡ್ರೈವರಿಗೆ ಇದರ ಅಗತ್ಯ ಬೀಳುವುದು ಅಪರೂಪ.

ಡ್ರೈವರ್ ಬರೆಯದವರಿಗೂ ಒಂದು ಆಯ್ಕೆ ಇದೆ

ಸರ್ವರ್ ನೋಡಿಕೊಳ್ಳುವವರು ಬೂಟ್ ಸಾಲಿನಲ್ಲಿ ಆರಿಸಬೇಕಾದದ್ದು ಐಒಎಂಎಂಯು ಹೇಗೆ ಓಡಬೇಕು ಅನ್ನುವುದು. ಇಂಟೆಲ್‌ನಲ್ಲಿ ಅದಕ್ಕೆ ವಿಟಿ-ಡಿ, ಎಎಂಡಿಯಲ್ಲಿ ಎಎಂಡಿ-ವಿಐ, ಆರ್ಮ್‌ನಲ್ಲಿ ಎಸ್‌ಎಂಎಂಯು ಅಂತ ಹೆಸರು. ಕೆಲಸ ಒಂದೇ, ಡಿವೈಸಿಗೆ ಕೊಟ್ಟ ಪುಟ ಬಿಟ್ಟು ಬೇರೆ ಕಡೆ ಕೈ ಹಾಕದ ಹಾಗೆ ನೋಡಿಕೊಳ್ಳುವುದು.

ಸ್ಟ್ರಿಕ್ಟ್ ಅಂದರೆ ಅನ್‌ಮ್ಯಾಪ್ ಆದ ಕೂಡಲೇ ಡಿವೈಸಿನ ದಾರಿ ಮುಚ್ಚುತ್ತದೆ. ಭದ್ರ, ಆದರೆ ನಿಧಾನ. ಲೇಜಿ ಅಂದರೆ ಮುಚ್ಚುವ ಕೆಲಸವನ್ನು ಕೂಡಿಟ್ಟುಕೊಂಡು ಒಟ್ಟಿಗೆ ಮಾಡುತ್ತದೆ, ಕೆಲವು ಮಿಲಿಸೆಕೆಂಡು ಹಳೇ ದಾರಿ ತೆರೆದೇ ಇರುತ್ತದೆ. ಇಂಟೆಲ್, ಎಎಂಡಿ ಎರಡಕ್ಕೂ ಮಾಮೂಲಿ ಸೆಟ್ಟಿಂಗ್ ಲೇಜಿಯೇ. ಪಾಸ್‌ಥ್ರೂ ಅಂದರೆ ಕರ್ನಲ್‌ನ ಸ್ವಂತ ಡಿವೈಸುಗಳಿಗೆ ಅನುವಾದವೇ ಇಲ್ಲ, ವೇಗ ಪೂರ್ತಿ, ಕಾವಲು ಇಲ್ಲ. ‘ಐಒಎಂಎಂಯು=ಪಿಟಿ’ ಹಾಕಿದರೆ ವರ್ಚುವಲ್ ಮೆಷಿನ್ನಿಗೆ ಕಾರ್ಡು ಕೊಡಲು ಆಗುವುದಿಲ್ಲ ಅಂತ ಕೆಲವರು ಹೆದರುತ್ತಾರೆ. ಹಾಗೇನಿಲ್ಲ, ವಿಎಫ್‌ಐಒಗೆ (ವರ್ಚುವಲ್ ಮೆಷಿನ್ನಿಗೆ ಡಿವೈಸು ಒಪ್ಪಿಸುವ ಕರ್ನಲ್ ಭಾಗ) ಕೊಟ್ಟ ಡಿವೈಸಿಗೆ ಅನುವಾದ ಆಗ ಶುರುವಾಗುತ್ತದೆ.

ಬೀಗ ಹಾಕಿದ ರ್‍ಯಾಕಿನೊಳಗಿನ ಸರ್ವರಿನಲ್ಲಿ ನಾನು ಪಾಸ್‌ಥ್ರೂ ಹಾಕುತ್ತೇನೆ. ಥಂಡರ್‌ಬೋಲ್ಟ್ ಇರುವ ಲ್ಯಾಪ್‌ಟಾಪಿನಲ್ಲಿ ಯಾವತ್ತೂ ಹಾಕುವುದಿಲ್ಲ. 2019ರಲ್ಲಿ ಹೊರಬಂದ ಥಂಡರ್‌ಕ್ಲ್ಯಾಪ್ ಸಂಶೋಧನೆ ತೋರಿಸಿದ್ದು ಇದನ್ನೇ: ಚಾರ್ಜರಿನಂತೆ ಕಾಣುವ ವಸ್ತುವೊಂದು ನೆಟ್‌ವರ್ಕ್ ಕಾರ್ಡಿನ ಸೋಗು ಹಾಕಿ ಮೆಮೊರಿ ಓದಬಹುದು. ಐಒಎಂಎಂಯು ಕಾಯುವುದು ಪುಟದ ಲೆಕ್ಕದಲ್ಲಿ. 200 ಬೈಟಿನ ಬಫರು ಮ್ಯಾಪ್ ಮಾಡಿದರೂ ಅದೇ ಪುಟದಲ್ಲಿರುವ ಉಳಿದ 3,896 ಬೈಟ್ ಕೂಡ ಡಿವೈಸಿಗೆ ಕಾಣುತ್ತದೆ. ಹೊರಗಿನಿಂದ ಚುಚ್ಚುವ, ನಂಬಲಾಗದ ಡಿವೈಸುಗಳಿಗೆ ಈಗಿನ ಲಿನಕ್ಸ್ ಇಂಥ ಅರೆಪುಟಗಳನ್ನು ಬೌನ್ಸ್ ಬಫರಿನ ಮೂಲಕವೇ ದಾಟಿಸುತ್ತದೆ.

ಆ ಬೌನ್ಸ್ ಬಫರಿನ ಹೆಸರು ಸ್ವಿಯೋಟಿಎಲ್‌ಬಿ. ಡಿವೈಸಿನ ಕೈಗೆ ಎಟುಕದ ಮೆಮೊರಿ ಇದ್ದರೆ, ಎಟುಕುವ ಜಾಗದಲ್ಲಿ ಒಂದು ನಕಲು ಮಾಡಿ ಕೊಡುತ್ತದೆ. ಎಎಂಡಿ ಎಸ್‌ಇವಿ, ಇಂಟೆಲ್ ಟಿಡಿಎಕ್ಸ್‌ನಂಥ ಗುಟ್ಟಿನ ವರ್ಚುವಲ್ ಮೆಷಿನ್‌ಗಳಲ್ಲಿ ಒಳಗಿನ ಮೆಮೊರಿ ಗೂಢಲಿಪಿಯಲ್ಲಿರುವ ಕಾರಣ ಮಾಮೂಲಿ ಡಿವೈಸುಗಳ ಐಒ ಇದರಲ್ಲೇ ಹಾದು ಹೋಗಬೇಕು. ಮಾಮೂಲಿ ಗಾತ್ರ 64 ಎಂಬಿ, ಒಂದು ಮ್ಯಾಪಿಂಗಿಗೆ ಹೆಚ್ಚೆಂದರೆ 256 ಕೆಬಿ. ಲಾಗಿನಲ್ಲಿ ‘ಸ್ವಿಯೋಟಿಎಲ್‌ಬಿ ಬಫರ್ ಈಸ್ ಫುಲ್’ ಅಂತ ಬಂದರೆ ಜಾಗ ಸಾಲುತ್ತಿಲ್ಲ ಅಂತ ಅರ್ಥ. ಆಗ ಎಷ್ಟೋ ಜನ ಬೂಟ್ ಸಾಲಿನಲ್ಲಿ 128 ಅಂತ ಬರೆದು, 128 ಎಂಬಿ ಕೊಟ್ಟೆ ಅಂದುಕೊಳ್ಳುತ್ತಾರೆ. ಆ ಸಂಖ್ಯೆ ಎಂಬಿ ಅಲ್ಲ, 2 ಕೆಬಿಯ ತುಂಡುಗಳ ಎಣಿಕೆ. 128 ಎಂಬಿ ಬೇಕಿದ್ದರೆ 65536 ಬರೆಯಬೇಕು. ‘ಸಿಎಂಎ=’ ಮಾತ್ರ 128ಎಂ ಅಂತ ನೇರವಾಗಿ ತಗೊಳ್ಳುತ್ತದೆ. ಯಾಕೆ ಹೀಗೆ ಮಾಡಿದರೋ, ನನಗಂತೂ ಪ್ರತಿ ಸಲ ಕಿರಿಕಿರಿ.

ಆರಿಸಿದ್ದು ಸರಿಯಾಗಿದೆಯಾ ಅಂತ ಲ್ಯಾಪ್‌ಟಾಪಿನಲ್ಲೇ ನೋಡಿ

ಕರ್ನಲ್ ಕಟ್ಟುವಾಗ ‘ಡಿಎಂಎ ಎಪಿಐ ಡೀಬಗ್’ ಆನ್ ಮಾಡಿ. ಎರರ್ ನೋಡದೆ ಬಿಟ್ಟದ್ದು, ಮ್ಯಾಪ್ ಮಾಡಿದ್ದಕ್ಕಿಂತ ಬೇರೆ ಗಾತ್ರದಲ್ಲಿ ಅನ್‌ಮ್ಯಾಪ್ ಮಾಡಿದ್ದು, ದಿಕ್ಕು ತಪ್ಪಿದ್ದು, ಡ್ರೈವರ್ ಹೋದಮೇಲೂ ಉಳಿದ ಮ್ಯಾಪಿಂಗು, ಇವೆಲ್ಲ ಲಾಗಿನಲ್ಲಿ ಬೈಗುಳದ ಹಾಗೆ ಬಂದು ಬೀಳುತ್ತವೆ. ಆದರೆ ನನ್ನದು ಕರೆಯಲೇ ಮರೆತ ಸಿಂಕ್. ಕರೆಯದೇ ಇರುವುದನ್ನು ಅದು ಹಿಡಿಯುವುದಿಲ್ಲ.

ಅದನ್ನು ಹಿಡಿಯಲು ಬೂಟ್ ಸಾಲಿನಲ್ಲಿ ‘ಸ್ವಿಯೋಟಿಎಲ್‌ಬಿ=ಫೋರ್ಸ್’ ಹಾಕಿ. ಆಗ ಎಲ್ಲ ಸ್ಟ್ರೀಮಿಂಗ್ ಮ್ಯಾಪಿಂಗೂ ಬಲವಂತವಾಗಿ ಬೌನ್ಸ್ ಬಫರಿನ ಮೂಲಕ ಹೋಗುತ್ತದೆ. ಡಿವೈಸು ಬರೆಯುವುದು ಅಲ್ಲಿಗೆ, ನೀವು ಓದುವುದು ಇಲ್ಲಿಂದ, ನಡುವೆ ಸಿಂಕ್ ಕರೆದರೆ ಮಾತ್ರ ನಕಲು. ನಿಧಾನವಾಗುತ್ತದೆ, ಪರೀಕ್ಷೆಗೆ ತಾನೇ, ಆಗಲಿ ಬಿಡಿ. ಕೊನೆಗೆ ತಪ್ಪು ಸಿಕ್ಕ ಮೇಲೆ ನಾನು ಹಳೇ ಕೋಡನ್ನು ಇದೇ ರೀತಿ ಡೆಸ್ಕ್‌ಟಾಪಿನಲ್ಲಿ ಓಡಿಸಿ ನೋಡಿದೆ. 256ರವರೆಗೆ ಕಾಯಬೇಕಾಗಲಿಲ್ಲ, ಮೊದಲನೇ ಎಆರ್‌ಪಿ ಪ್ಯಾಕೆಟ್ಟೇ ಕಸವಾಗಿ ಬಂತು.